ಪಾನಾ ಹಿಡಿಯುವ ಮುಂಚೆ ಪೆನ್ಸಿಲ್

ಸುರಪುರದಲ್ಲಿರುವ ನಮ್ಮ ಸೋದರಮಾವನ ಮನೆಯ ಅಟ್ಟದ ಮೇಲೆ ಎರಡು ಗೋಣಿಚೀಲಗಳಿವೆ. ಒಂದರಲ್ಲಿ ಸ್ಕೂಟರಿನ ಎಂಜಿನ್, ಇನ್ನೊಂದರಲ್ಲಿ ಉಳಿದದ್ದೆಲ್ಲ: ಕೇಬಲ್, ನಟ್ಟು, ಬೋಲ್ಟು, ವಾಷರ್, ಹೆಡ್‌ಲೈಟಿನ ಬಟ್ಟಲು, ಕಿಕ್ಕರ್. ಕೆಳಗೆ ಪಡಸಾಲೆಯ ಮೂಲೆಯಲ್ಲಿ ಅದೇ ಬಜಾಜ್ ಪ್ರಿಯಾದ ಮೈ ನಿಂತಿದೆ. ಪೇಂಟ್ ಈಗಲೂ ಹೊಸದು. ಮಾವನ ಮಗ ಒಂದು ಭಾನುವಾರ ಮುಂಜಾನೆ ಬಿಚ್ಚಲು ಕುಳಿತವನು ಸಂಜೆಯೊಳಗೆ ಎಲ್ಲ ಬಿಚ್ಚಿದ್ದ. ಮರುವಾರ ಬಣ್ಣಕ್ಕೆ ಕೊಟ್ಟ. ಅಲ್ಲಿಗೆ ರೊಕ್ಕ ಮುಗಿಯಿತು. ಯಾವ ಬೋಲ್ಟು ಎಲ್ಲಿಯದು ಎಂಬುದು ಆಮೇಲೆ ಮರೆತೇಹೋಯಿತು. ಇದಾಗಿ ಹನ್ನೊಂದು ವರ್ಷ. ಮಾವ ಪ್ರತಿ ಆಯುಧಪೂಜೆಗೆ ಆ ಖಾಲಿ ಮೈಗೆ ಕುಂಕುಮ ಹಚ್ಚಿ ಹೂ ಏರಿಸುತ್ತಾರೆ. ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಶಹಾಪುರದ ನಮ್ಮ ಹಿತ್ತಲಿನ ತಗಡಿನ ಶೆಡ್ಡಿನಲ್ಲಿರುವ ಅಪ್ಪನ ಚೇತಕ್‌ಗೆ ಆ ಗತಿ ಬರಬಾರದು ಎಂದು ನಿರ್ಧರಿಸಿದ್ದೇನೆ. ಅದಕ್ಕೇ ಮೂರು ತಿಂಗಳಿಂದ ಒಂದು ನಟ್ಟನ್ನೂ ಮುಟ್ಟದೆ ಬರೆಯುತ್ತ ಕುಳಿತಿದ್ದೇನೆ. ಯಾದಗಿರಿ, ಶಹಾಪುರ, ಸುರಪುರದ ಎಷ್ಟೋ ಮನೆಗಳ ಹಿತ್ತಲಲ್ಲಿ ಇಂಥ ಸ್ಕೂಟರ್‌ಗಳಿವೆ. ಮಕ್ಕಳು ಬೆಂಗಳೂರಿನಿಂದ ರಜೆಗೆ ಬಂದಾಗ ಉಮೇದಿನಲ್ಲಿ ಬಿಚ್ಚುತ್ತಾರೆ, ರಜೆ ಮುಗಿದ ಮೇಲೆ ಹೋಗುತ್ತಾರೆ. ನಮ್ಮ ಕಡೆ ಹಳೆಯ ಸ್ಕೂಟರ್‌ಗಳನ್ನು ತುಕ್ಕಿಗಿಂತ ಹೆಚ್ಚಾಗಿ ಈ ಅವಸರವೇ ಕೊಂದಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಪ್ಪ ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ಸರ್ವೇಯರ್ ಆಗಿದ್ದರು. ಕೆಲಸ ಭೀಮರಾಯನಗುಡಿ ಕ್ಯಾಂಪಿನಲ್ಲಿ, ಊರವರ ಬಾಯಲ್ಲಿ ಬಿ.ಗುಡಿ. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿದಿತ್ತು. ಎಡದಂಡೆ ಕಾಲುವೆಯ ನೀರು ಶಹಾಪುರ ಶಾಖಾ ಕಾಲುವೆಗೆ, ಅಲ್ಲಿಂದ ಹೊಲಗಾಲುವೆಗಳಿಗೆ ಇಳಿಯುವ ಕಾಲ ಅದು. ಸ್ಕೂಟರ್ ಬುಕ್ ಮಾಡಿದ್ದು 1978ರಲ್ಲಿ, ಕೈಗೆ ಬಂದದ್ದು 1984ರಲ್ಲಿ. ಆ ಕಾಯುವಿಕೆ ಈಗಿನವರಿಗೆ ಕಟ್ಟುಕಥೆ ಅನ್ನಿಸಬಹುದು, ಆದರೆ ದೇಶದ ತುಂಬ ಹಾಗೇ ಇತ್ತು. ಇಟಲಿಯ ಪಿಯಾಜಿಯೊ ಕಂಪನಿಯ ಜೊತೆಗಿನ ಒಪ್ಪಂದ 1971ರಲ್ಲಿ ಮುಗಿದ ಮೇಲೆ, 1972ರಲ್ಲಿ ಬಜಾಜ್ ತನ್ನದೇ ಹೆಸರಿನಲ್ಲಿ ಹೊರತಂದ ಸ್ಕೂಟರ್ ಇದು. ವೆಸ್ಪಾ ಸ್ಪ್ರಿಂಟ್‌ನ ಅಚ್ಚು, ರಾಣಾ ಪ್ರತಾಪನ ಕುದುರೆಯ ಹೆಸರು. ಎಂಜಿನ್ 145 ಸಿ.ಸಿ.ಯದು, ಗೇರು ಎಡಗೈಯಲ್ಲಿ.

ಕಾಲುವೆಯ ಏರಿಯ ಮೇಲೆ ಅಪ್ಪನ ಮುಂದೆ ಲೆವಲ್ ಮಷಿನ್ನಿನ ಪೆಟ್ಟಿಗೆ, ಹಿಂದೆ ಅಳತೆಯ ಸ್ಟಾಫ್ ಹಿಡಿದ ಹುಡುಗ. ಭಾನುವಾರ ಅದೇ ಮುಂದಿನ ಜಾಗದಲ್ಲಿ ಜೋಳದ ಚೀಲ, ಹಿಂದೆ ಅವ್ವ, ನಡುವೆ ನಾನು, ಅಣ್ಣ ಮುಂದೆ ನಿಂತುಕೊಂಡು. ಹತ್ತಿಗೂಡೂರಿನ ಹತ್ತಿರ ಒಮ್ಮೆ ಮುಂದಿನ ಗಾಲಿ ಪಂಕ್ಚರ್ ಆದಾಗ ಅಪ್ಪ ಸ್ಟೆಪ್ನಿ ಬಿಚ್ಚಿ ಹಾಕಿದ್ದು, ನಾವು ಬೇವಿನ ಮರದ ಕೆಳಗೆ ತಂದ ಬುತ್ತಿ ಬಿಚ್ಚುವಷ್ಟರಲ್ಲೇ. ಹಿಂದಿಗೂ ಮುಂದಿಗೂ ಒಂದೇ ಅಳತೆಯ ಗಾಲಿ, ಒಂದು ಸ್ಟೆಪ್ನಿ ಎರಡಕ್ಕೂ ಆಗುತ್ತಿತ್ತು. ಊರಿಂದೂರಿಗೆ ಪಂಕ್ಚರ್ ಅಂಗಡಿ ಇಲ್ಲದ ನಮ್ಮ ಸೀಮೆಗೆ ಇದಕ್ಕಿಂತ ದೊಡ್ಡ ಅನುಕೂಲ ಇರಲಿಲ್ಲ. 1990ರ ಬೇಸಿಗೆ ರಜೆಯಲ್ಲಿ ಅಪ್ಪ ನನಗೂ ಅದನ್ನು ಕಲಿಸಿದರು, ಅದೇ ಏರಿಯ ಮೇಲೆ. ಪಂಜಾಬಿ ಡ್ರೆಸ್ಸಿನ ಓಢಣಿಯನ್ನು ಸೊಂಟಕ್ಕೆ ಬಿಗಿದು ಕ್ಲಚ್ ಬಿಟ್ಟದ್ದು ನನ್ನ ಎಡ ಅಂಗೈಗೆ ಈಗಲೂ ನೆನಪಿದೆ.

ಅಪ್ಪ ಹೋದದ್ದು 2013ರಲ್ಲಿ. ಆಮೇಲೆ ಸ್ಕೂಟರ್ ಕದಲಿಲ್ಲ.

ನಾನು ಬರೆಯುತ್ತಿರುವುದು ಅಪ್ಪನ ಲೆವಲ್ ಬುಕ್ಕಿನಲ್ಲಿ. ಕೊನೆಯ ಮೂವತ್ತು ಪುಟ ಖಾಲಿ ಉಳಿದಿದ್ದವು. ಬ್ಯಾಕ್ ಸೈಟ್, ಫೋರ್ ಸೈಟ್, ರೆಡ್ಯೂಸ್ಡ್ ಲೆವಲ್ ಎಂದು ಅಚ್ಚಾದ ಕಾಲಮ್ಮುಗಳಲ್ಲಿ ಈಗ ಸ್ಕೂಟರಿನ ಭಾಗ, ಅದರ ಸ್ಥಿತಿ, ಆಗಬೇಕಾದ ಕೆಲಸ ಎಂದು ತುಂಬುತ್ತಿದ್ದೇನೆ. ಕಾಲುವೆಯ ಮಟ್ಟ ನೋಡುವವರು ಮೊದಲು ಗಟ್ಟಿಯಾದ ಕಲ್ಲೊಂದನ್ನು ಬೆಂಚ್ ಮಾರ್ಕ್ ಮಾಡಿಕೊಳ್ಳುತ್ತಾರೆ, ಸಂಜೆ ಅದೇ ಕಲ್ಲಿಗೆ ಮರಳಿ ಬಂದು ಲೆಕ್ಕ ಕೂಡುತ್ತದೋ ಇಲ್ಲವೋ ನೋಡುತ್ತಾರೆ. ನನ್ನ ಬೆಂಚ್ ಮಾರ್ಕ್ ಒಂದೇ: ಈ ಸ್ಕೂಟರ್ ಶಹಾಪುರದಿಂದ ಸುರಪುರಕ್ಕೆ ಹೋಗಿ ತನ್ನ ಬಲದ ಮೇಲೆ ಮರಳಿ ಬರಬೇಕು. ಪುಸ್ತಕದಲ್ಲಿ ಬರೆದ ಪ್ರತಿ ಕೆಲಸಕ್ಕೂ ಇದೇ ಪ್ರಶ್ನೆ ಕೇಳುತ್ತೇನೆ, ಆ ಪ್ರಯಾಣಕ್ಕೆ ಇದು ಬೇಕೋ ಬೇಡವೋ. ಕ್ರೋಮ್ ಹೊಳಪು ಬೇಡ. ಹೊಸ ಆಯಿಲ್ ಸೀಲ್ ಬೇಕು. ಮುಂದಿನ ಮಡ್‌ಗಾರ್ಡಿನ ಮೇಲಿನ ತಗ್ಗು ಹಾಗೇ ಇರಲಿ, ಅದು ಕಾಲುವೆಯ ಲೈನಿಂಗ್ ಕಲ್ಲಿಗೆ ತಾಗಿದ್ದು ನನಗೆ ಗೊತ್ತು. ಬ್ರೇಕ್ ಲೈನರ್ ಹೊಸದೇ ಆಗಬೇಕು.

ಬಣ್ಣದಿಂದ ಶುರು ಮಾಡುವವರನ್ನು ನಾನು ಒಪ್ಪುವುದಿಲ್ಲ. ಚೇತಕ್‌ಗೆ ಬೇರೆ ಚಾಸಿಸ್ ಎಂಬುದೇ ಇಲ್ಲ, ಬೈಕಿನಂತೆ ಕೊಳವೆಗಳ ಚೌಕಟ್ಟಿಲ್ಲ. ಬಗ್ಗಿಸಿ ಬೆಸೆದ ಆ ತಗಡಿನ ಮೈಯೇ ಅದರ ಎಲುಬು. ಕಾಲಿಡುವ ನೆಲ ತುಕ್ಕು ತಿಂದಿದ್ದರೆ ತಿಂದದ್ದು ಎಲುಬನ್ನೇ. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಮಡ್‌ಗಾರ್ಡಿನ ಒಳಗೆ, ನೆಲದ ಮಡಿಕೆಗಳ ಕೆಳಗೆ ಮೆತ್ತಿಕೊಂಡರೆ ಬೇಸಿಗೆಯವರೆಗೂ ಬಿಡುವುದಿಲ್ಲ, ಒಳಗೇ ತೇವ ಹಿಡಿದು ಕೂಡುತ್ತದೆ. ಮೇಲೆ ಕಾಲಿಗೆ ಹಾಕಿದ ರಬ್ಬರ್ ಪಟ್ಟಿ ಇದನ್ನೆಲ್ಲ ಮರೆಮಾಚುತ್ತದೆ. ನಾನು ಪಟ್ಟಿ ಎತ್ತಿ ಸ್ಕ್ರೂಡ್ರೈವರಿನ ತುದಿಯಿಂದ ಅಂಗುಲಂಗುಲ ಒತ್ತಿ ನೋಡಿದೆ. ಎಡಗಡೆ, ಸ್ಟ್ಯಾಂಡ್ ಕೂಡುವ ಕಡೆ, ಎರಡು ಜಾಗದಲ್ಲಿ ತುದಿ ಒಳಗೆ ಹೋಯಿತು. ಅಂಗೈಯಗಲದ ತಗಡು ಕತ್ತರಿಸಿ ಹೊಸದು ಬೆಸೆಯಬೇಕು. ತೂತಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಕಣ್ಣಿಗೆ ಚೆಂದ, ಮೇಲೆ ಇಬ್ಬರು ಕುಳಿತ ದಿನ ಸ್ಟ್ಯಾಂಡ್ ಸಮೇತ ನೆಲ ಕಿತ್ತು ಬರುತ್ತದೆ.

ಎಂಜಿನ್ ನೋಡಲು ಬಂದವರು ನಮ್ಮೂರಿನ ಹಳೆಯ ಮೇಸ್ತ್ರಿ. ಎಪ್ಪತ್ತು ದಾಟಿದ್ದಾರೆ, ಅಪ್ಪನ ಕಾಲದಿಂದಲೂ ನನಗೆ ಚಾಚಾ. ಗ್ಯಾರೇಜ್ ಮುಚ್ಚಿ ಬಹಳ ವರ್ಷವಾಯಿತು. ಶೆಡ್ಡಿನೊಳಗೆ ಬಂದವರು ಸ್ಕೂಟರಿನ ಸೀಟಿನ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ನಾನು ಕಿಕ್ಕರ್ ಮೇಲೆ ಕಾಲಿಡಲು ಹೋದೆ.

"ಬ್ಯಾಡ ಬೇಟಾ, ಕಿಕ್ ಹೊಡೀಬ್ಯಾಡ. ಹನ್ನೆರಡು ವರ್ಷ ಮಲಗ್ಯದ, ಒಮ್ಮೆಲೆ ಎಬ್ಬಿಸಿದ್ರ ರಿಂಗ್ ಮುರದ್ ಹೋಗ್ತಾವ. ಮೊದಲ ಪ್ಲಗ್ ಬಿಚ್ಚು, ಎಣ್ಣಿ ಬಿಡು, ಎಂಟು ದಿನ ಬಿಡು."

"ಎಂಟು ದಿನದಾಗ ಬಿಡ್ತದೇನು ಚಾಚಾ?"

"ಬಿಡಲಿಲ್ಲಂದ್ರ ಮತ್ತ ಎಂಟು ದಿನ. ನಿಮ್ಮಪ್ಪಾರು ಸ್ಕೂಟರ್ ಬರ್ಲಿ ಅಂತ ಆರು ವರ್ಷ ಕುಂತಿದ್ರು."

ಅವರು ಮಾತಾಡುತ್ತ ಹೋದಂತೆ ನಾನು ಬರೆದುಕೊಳ್ಳುತ್ತ ಹೋದೆ. ಕೇಬಲ್ಲಿನ ಸಂಗತಿಯೊಂದನ್ನು ಇಲ್ಲಿ ಹೇಳಲೇಬೇಕು. ಕ್ಲಚ್ಚಿಗೆ ಒಂದು, ಗೇರಿಗೆ ಎರಡು, ಆಕ್ಸಿಲರೇಟರಿಗೆ ಒಂದು, ಮುಂದಿನ ಬ್ರೇಕಿಗೆ ಒಂದು ಕೇಬಲ್ ಹ್ಯಾಂಡಲಿನಿಂದ ಇಳಿಯುತ್ತವೆ. ಕ್ಲಚ್, ಗೇರು, ಆಕ್ಸಿಲರೇಟರಿನವು ಮೈಯ ಒಳಗೇ ನುಸುಳಿ ಎಂಜಿನ್‌ವರೆಗೆ ಹೋಗುತ್ತವೆ, ಆ ದಾರಿ ಕಣ್ಣಿಗೆ ಕಾಣುವುದಿಲ್ಲ. ಹಳೆಯದನ್ನು ಸುಮ್ಮನೆ ಎಳೆದು ಹೊರಹಾಕಿದರೆ ಹೊಸದನ್ನು ತೂರಿಸಲು ಇಡೀ ದಿನ ಬೇಕು. ಹಳೆಯ ಕೇಬಲ್ಲಿನ ತುದಿಗೆ ಗಟ್ಟಿ ದಾರ ಕಟ್ಟಿ ಎಳೆಯಬೇಕು. ಕೇಬಲ್ ಹೊರಬಂದಾಗ ದಾರ ಒಳಗೆ ಉಳಿಯುತ್ತದೆ, ಅದಕ್ಕೇ ಹೊಸ ಕೇಬಲ್ ಕಟ್ಟಿ ಮರಳಿ ಎಳೆದುಕೊಳ್ಳಬೇಕು. ಲಂಗದ ನೆಫೆಗೆ ಲಾಡಿ ಹಾಕುವ ಹಾಗೆಯೇ. ಚಾಚಾ ಹೇಳಿದ್ದರಲ್ಲಿ ಅರ್ಧಕ್ಕೆ ಅರ್ಧ ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ಮ್ಯಾಗ್ನೆಟ್ಟನ್ನು ಸುತ್ತಿಗೆಯಿಂದ ಹೊಡೆದು ತೆಗೆಯಬಾರದು, ಅದಕ್ಕೆ ಪುಲ್ಲರ್ ಬೇಕು. ಪಾಯಿಂಟಿನ ಗ್ಯಾಪ್ 0.3ರಿಂದ 0.5 ಮಿಲಿಮೀಟರ್ ಒಳಗಿರಬೇಕು. ಎಂಜಿನ್ ಒಮ್ಮೆ ತೆರೆದ ಮೇಲೆ ಚೆನ್ನಾಗಿ ಕಂಡರೂ ಸರಿ, ಆಯಿಲ್ ಸೀಲ್ ಮತ್ತು ಬೇರಿಂಗ್ ಹೊಸದು ಹಾಕಿಯೇ ಮುಚ್ಚಬೇಕು, ಯಾಕೆಂದರೆ ಸೀಲಿನ ಬೆಲೆಗಿಂತ ಎರಡನೇ ಸಲ ತೆರೆಯುವ ಕೂಲಿ ಹೆಚ್ಚು.

ಬಿಚ್ಚಿದ ಭಾಗಗಳಿಗೆ ಹೆಸರು ಬರೆಯುವುದು ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದೆ. ಅವ್ವನ ಹಳೆಯ ಸೀರೆ ಹರಿದು ಮೂವತ್ತಾರು ಸಣ್ಣ ಚೀಲ ಹೊಲಿದಿದ್ದೇನೆ, ಒಂದೊಂದರ ಕೊರಳಿಗೂ ರಟ್ಟಿನ ಚೀಟಿ. ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೆ ಇದರ ಬೆಲೆ ಭೀಮೆಯ ಆಚೆ ದಂಡೆಯಲ್ಲಿ ತಿಳಿಯಿತು. ಸನ್ನತಿ ಬಳಿಯ ಕನಗನಹಳ್ಳಿಯ ಸ್ತೂಪದಲ್ಲಿ ಸಿಕ್ಕ ಶಿಲ್ಪದ ಮೇಲೆ ಬ್ರಾಹ್ಮಿಯಲ್ಲಿ 'ರಾಯ ಅಸೋಕೊ' ಎಂದು ಕೊರೆದಿರದಿದ್ದರೆ ಛತ್ರಿಯ ಕೆಳಗೆ ನಿಂತ ಆ ದೊರೆ ಯಾರೆಂದು ನಾವು ಖಾತ್ರಿಯಾಗಿ ಹೇಳುತ್ತಿರಲಿಲ್ಲ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ಆ ಎರಡು ಪದಗಳ ಮುಂದೆ ನಿಲ್ಲಿಸುತ್ತೇನೆ. ಮಾವನ ಅಟ್ಟದ ಗೋಣಿಚೀಲಗಳಿಗೆ ಇಲ್ಲದ್ದು ಅದೇ.

ಯಾವ ಕೆಲಸ ಯಾವಾಗ ಎಂಬುದನ್ನು ನಮ್ಮ ಹವೆ ನೋಡಿಯೇ ಗೊತ್ತುಮಾಡಬೇಕು. ಎಂಜಿನ್ ಬಿಚ್ಚುವುದು ಯುಗಾದಿಯ ನಂತರ, ಶಾಲೆಗೆ ರಜೆ ಇದ್ದಾಗ. ವೆಲ್ಡಿಂಗ್ ಮತ್ತು ತುಕ್ಕಿನ ಕೆಲಸ ಕಾರಹುಣ್ಣಿಮೆಯೊಳಗೆ ಮುಗಿದು ಪ್ರೈಮರ್ ಬಿದ್ದಿರಬೇಕು, ಬರಿ ತಗಡು ಮಳೆಗಾಲ ಕಾಣಬಾರದು. ಮಳೆಗಾಲದಲ್ಲಿ ಒಳಗೆ ಕುಳಿತು ಮಾಡುವ ಕೆಲಸ: ಕಾರ್ಬುರೇಟರ್, ವೈರಿಂಗ್, ಸೀಟು. ಬಣ್ಣ ದೀಪಾವಳಿ ಆದ ಮೇಲೆ. ಏಪ್ರಿಲ್‌ನಲ್ಲಿ ಬಣ್ಣ ಹೊಡೆದರೆ ಬಿಸಿಗಾಳಿಯ ದೂಳು ಕೂಡುತ್ತದೆ, ಜುಲೈನಲ್ಲಿ ತೇವಕ್ಕೆ ಬಣ್ಣ ಮಂಕಾಗುತ್ತದೆ. ಖರ್ಚಿಗೆ 40 ಸಾವಿರ ರೂಪಾಯಿ ಮಿತಿ ಹಾಕಿಕೊಂಡಿದ್ದೇನೆ. ಅದರಲ್ಲಿ ಮೂರರಲ್ಲೊಂದು ಪಾಲು ಈಗ ಕಾಣದ ಕೆಲಸಗಳಿಗೆ. ಬಿಡಿಭಾಗಗಳಿಗೆ ಹೈದರಾಬಾದ್ ಹತ್ತಿರ, ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ.

ಎಲ್ಲಕ್ಕಿಂತ ಹೆಚ್ಚು ಪುಟ ತಿಂದದ್ದು ಕಾಗದಪತ್ರದ ಕೆಲಸ. ಸ್ಕೂಟರ್ ಇನ್ನೂ ಅಪ್ಪನ ಹೆಸರಿನಲ್ಲಿದೆ. ಮಾಲೀಕರು ತೀರಿದರೆ ವಾರಸುದಾರರು ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ ಹಾಕಬೇಕು ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ, ಆ ದುಃಖದಲ್ಲಿ ಸ್ಕೂಟರಿನ ಕಾಗದ ಯಾರಿಗೆ ನೆನಪಾಗುತ್ತದೆ? ಈಗ ಮರಣ ಪ್ರಮಾಣಪತ್ರ, ವಂಶಾವಳಿ, ಅಣ್ಣನ ಒಪ್ಪಿಗೆ ಪತ್ರ ಬೇಕು. ನೋಂದಣಿ ಆದದ್ದು ಯಾದಗಿರಿ ಇನ್ನೂ ಗುಲ್ಬರ್ಗಾ ಜಿಲ್ಲೆಯ ಒಂದು ತಾಲ್ಲೂಕಾಗಿದ್ದ ಕಾಲದಲ್ಲಿ. ಯಾದಗಿರಿ ರಾಜ್ಯದ 30ನೇ ಜಿಲ್ಲೆಯಾಗಿ ಕೆಎ 33 ಬರಲು ಇನ್ನೂ ಕಾಲು ಶತಮಾನವಿತ್ತು, ಅಷ್ಟೇಕೆ, ನಂಬರ್ ಪ್ಲೇಟಿನಲ್ಲಿ ಕೆಎ ಎಂಬ ಅಕ್ಷರಗಳೇ ಇರಲಿಲ್ಲ. ಅದಕ್ಕೇ ಪೇಂಟ್ ಅಂಗಡಿಗೆ ಹೋಗುವ ಮುಂಚೆ ಚಾಸಿಸ್ ನಂಬರ್ ಮತ್ತು ಎಂಜಿನ್ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ತಿಕ್ಕಿ ಅಚ್ಚು ತೆಗೆದುಕೊಂಡಿದ್ದೇನೆ. ಸ್ಯಾಂಡ್ ಬ್ಲಾಸ್ಟಿಂಗ್‌ನಲ್ಲಿ ಅಂಕಿ ಸವೆದರೆ, ಪುಟ್ಟಿ ತುಂಬಿ ಮುಚ್ಚಿಹೋದರೆ, ಎಂಥ ಚೆಂದದ ಸ್ಕೂಟರೂ ಕಾನೂನಿನ ಕಣ್ಣಿಗೆ ಗುರುತಿಲ್ಲದ ತಗಡು.

ಇಲ್ಲಿಯೇ ಸರ್ಕಾರಕ್ಕೆ ಹೇಳಬೇಕಾದ ಮಾತಿದೆ. 2021ರ ಜುಲೈನಲ್ಲಿ ಕೇಂದ್ರವು ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಖಾಸಗಿ ವಾಹನಗಳಿಗೆ ಅದು ಅನ್ವಯ. ಹೊಸ ನೋಂದಣಿಗೆ 20 ಸಾವಿರ ರೂಪಾಯಿ, ಹತ್ತು ವರ್ಷದ ನಂತರ ನವೀಕರಣಕ್ಕೆ 5 ಸಾವಿರ, ನಂಬರಿನಲ್ಲಿ 'ವಿಎ' ಎಂಬ ಗುರುತು. ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು, ಇಂಥ ಕಾರಣಗಳಿಗೆ ಮಾತ್ರ ರಸ್ತೆಗಿಳಿಯಬಹುದು. ಬೆಂಗಳೂರಿನ ಹಳೆಯ ಕಾರುಗಳ ಮಾಲೀಕರಿಗೆ ಇದು ಅನುಕೂಲವಾಗಿರಬಹುದು. ಅಪ್ಪನ ಚೇತಕ್‌ಗೆ 50 ತುಂಬುವುದು 2034ರಲ್ಲಿ. ಅಲ್ಲಿಯವರೆಗೆ ಅದು ಬರೀ ಹಳೆಯ ಗಾಡಿ. ಹದಿನೈದು ವರ್ಷದ ಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ, ಹಸಿರು ತೆರಿಗೆ, ತಡವಾದ ತಿಂಗಳುಗಳಿಗೆ ಹೆಚ್ಚುವರಿ ಶುಲ್ಕ. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಬೈಕು ಸ್ಕೂಟರ್‌ಗಳ ನವೀಕರಣ ಶುಲ್ಕವನ್ನು 2 ಸಾವಿರ ರೂಪಾಯಿಗೆ ಏರಿಸಿದರು.

ಹಳೆಯ ಟೂ ಸ್ಟ್ರೋಕ್ ಎಂಜಿನ್ ಹೊಗೆ ಉಗುಳುತ್ತದೆ, ನಿಜ. ಪೆಟ್ರೋಲಿನ ಒಂದಿಷ್ಟು ಪಾಲು ಸುಡದೆಯೇ ಸೈಲೆನ್ಸರಿನಿಂದ ಹೊರಬೀಳುತ್ತದೆ. ದಿನಕ್ಕೆ ನಲವತ್ತು ಕಿಲೋಮೀಟರ್ ಇದರಲ್ಲೇ ಓಡಾಡುತ್ತೇನೆ ಎನ್ನುವವರ ಪರ ನಾನು ವಾದಿಸುವುದಿಲ್ಲ. ಈ ಸ್ಕೂಟರಿನ ತಯಾರಿಕೆ ನಿಂತದ್ದು 2006ರ ಹೊತ್ತಿಗೆ, ಚೇತಕ್ ಹೆಸರು 2020ರಲ್ಲಿ ಬ್ಯಾಟರಿ ಸ್ಕೂಟರ್ ಆಗಿ ಮರಳಿತು. ಶಾಲೆಗೆ ಹೋಗಿಬರಲು ನನಗೆ ಅಂಥದೇ ಬೇಕು. ಆದರೆ ತಿಂಗಳಿಗೊಮ್ಮೆ ಭಾನುವಾರ ಹೊರತೆಗೆಯುವ, ಹೊಗೆ ತಪಾಸಣೆಯಲ್ಲಿ ಪಾಸಾಗುವ, ಮೂಲ ರೂಪ ಕೆಡದ ವಾಹನಕ್ಕೆ ಗುಜರಿ ಮತ್ತು ವಿಂಟೇಜ್ ನಡುವೆ ಒಂದು ಜಾಗ ಬೇಕು. ಮೂವತ್ತು ವರ್ಷ ದಾಟಿದವಕ್ಕೆ ವರ್ಷಕ್ಕೆ ಇಷ್ಟು ಕಿಲೋಮೀಟರ್ ಎಂದು ಮಿತಿ ಹಾಕಲಿ, ಶುಲ್ಕ ತಗ್ಗಿಸಲಿ. ಒಬ್ಬ ಶಿಕ್ಷಕಿಯೋ ನಿವೃತ್ತ ಗುಮಾಸ್ತರೋ ಭರಿಸುವಂತಿರಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಜಾವಾ, ಯೆಜ್ಡಿ ಬೈಕುಗಳನ್ನು ಪ್ರೀತಿಸುವವರು ಪ್ರತಿ ಜುಲೈನಲ್ಲಿ ಸೇರುತ್ತಾರೆ, ಸಂತೋಷ. ನಮ್ಮ ಸೀಮೆಯ ಕಾಲುವೆ, ಶಾಲೆ, ದವಾಖಾನೆಗಳ ನೌಕರರನ್ನು ಹೊತ್ತ ಸ್ಕೂಟರ್‌ಗಳಿಗೆ ಅಷ್ಟು ಜನರ ಪ್ರೀತಿ ಸಿಗಲಿಲ್ಲ, ಕಿಲೋ ಲೆಕ್ಕದಲ್ಲಿ ಹೋದವು.

ಇನ್ನೊಂದು ಬೇಡಿಕೆ ನಮ್ಮ ಐಟಿಐಗಳಿಗೆ. ಚಾಚಾನಂಥವರು ಪ್ರತಿ ತಾಲ್ಲೂಕಿನಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದಾರೆ. ವರ್ಷಕ್ಕೆ ನಾಲ್ಕು ದಿನ ಅವರನ್ನು ಗೌರವಧನ ಕೊಟ್ಟು ಕರೆಸಿ, ಒಂದು ಹಳೆಯ ಎಂಜಿನ್ ಮೇಜಿನ ಮೇಲಿಡಿ. ಶಬ್ದ ಕೇಳಿ ರೋಗ ಹೇಳುವ ಆ ಕಿವಿ ಕಂಪ್ಯೂಟರ್ ಹಚ್ಚಿ ತಪಾಸಣೆ ಮಾಡುವ ಹುಡುಗರಿಗೂ ಬೇಕಾಗುತ್ತದೆ.

ಸ್ಕೂಟರ್ ಬಿಚ್ಚಲು ಹೊರಟವರಿಗೆ ಪೆಟ್ರೋಲಿನ ಬಗ್ಗೆಯೂ ಒಂದು ಮಾತು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇದೆ. ಎಥನಾಲ್ ತೇವವನ್ನು ಎಳೆದುಕೊಳ್ಳುತ್ತದೆ, ಹಳೆಯ ಕಾಲದ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಪೆಟ್ರೋಲ್ ಪೈಪ್, ಕಾಕ್‌ನ ವಾಷರ್, ಕಾರ್ಬುರೇಟರಿನ ಪ್ಯಾಕಿಂಗ್ ಎಲ್ಲವನ್ನೂ ಎಥನಾಲ್ ತಡೆಯುವ ಹೊಸ ರಬ್ಬರಿನವೇ ಹಾಕಿ. ವಾರಗಟ್ಟಲೆ ನಿಲ್ಲಿಸುವುದಿದ್ದರೆ ಕಾಕ್ ಬಂದ್ ಮಾಡಿ ಕಾರ್ಬುರೇಟರ್ ಒಣಗುವವರೆಗೆ ಎಂಜಿನ್ ಓಡಿಸಿ, ತಿಂಗಳುಗಟ್ಟಲೆ ಆದರೆ ಟ್ಯಾಂಕನ್ನೇ ಬರಿದು ಮಾಡಿ. ಆಯಿಲ್ ಲೀಟರಿಗೆ 20 ಮಿಲಿ, ಟ್ಯಾಂಕಿಗೆ ಸುರಿಯುವ ಮುಂಚೆಯೇ ಬೇರೆ ಡಬ್ಬಿಯಲ್ಲಿ ಕಲಸಿಕೊಳ್ಳಿ.

ಅಣ್ಣ ಕಳೆದ ವಾರ ಪುಣೆಯಿಂದ ಬಂದಿದ್ದ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಲೆವಲ್ ಬುಕ್ಕನ್ನು ಮೊದಲಿನಿಂದ ತಿರುವಿ ಹಾಕಿದ. ಅಪ್ಪನ ಅಂಕಿಗಳು ಮುಗಿದು ನನ್ನ ಅಕ್ಷರ ಶುರುವಾಗುವ ಪುಟದಲ್ಲಿ ನಿಂತ. "ಓಡೂ ಹಾಂಗ ಆದ್ಮ್ಯಾಲ ನನಗೂ ಒಂದ್ ಸಲ ಕೊಡ್ತೀಯಿಲ್ಲ?" ಎಂದ. ಕೊಡುತ್ತೇನೆ ಎಂದೆ.

ಮೊನ್ನೆ ಭಾನುವಾರ ಚಾಚಾ ಪ್ಲಗ್ ಬಿಚ್ಚಿದರು. ಆ ತೂತಿನೊಳಗೆ ಎಣ್ಣೆ ಬಿಟ್ಟು, ಬಟ್ಟೆಯ ಬೆಣೆ ಜಡಿದು, ದಿನಾಂಕ ಬರೆದ ಚೀಟಿಯನ್ನು ಹ್ಯಾಂಡಲಿಗೆ ನಾನೇ ಕಟ್ಟಿದೆ. ಪ್ಲಗ್ ಮೊದಲನೆಯ ಚೀಲಕ್ಕೆ ಹೋಯಿತು. ಬರುವ ಭಾನುವಾರ ಎಂಜಿನ್ನಿನ ಫ್ಯಾನ್ ಹಿಡಿದು ಕೈಯಿಂದ ತಿರುವಿ ನೋಡುತ್ತೇವೆ.